ಕ್ವೀನ್ ‘ಗ್ರೇಟೆಸ್ಟ್ ಹಿಟ್ಸ್’: ಎಂಪಿ3 ಸಾಕೇ, ಫ್ಲಾಕ್ ಬೇಕೇ?

ಬ್ರಿಟನ್ನಿನ ರಾಕ್ ಸಂಗೀತ ತಂಡ ಕ್ವೀನ್‌ನ 1981ರ ‘ಗ್ರೇಟೆಸ್ಟ್ ಹಿಟ್ಸ್’ ಸಂಕಲನದ ಹಳೆಯ ಸಿ.ಡಿ.ಯೊಂದರಿಂದ ಮೂರು ಬಗೆಯ ಫೈಲ್ ಮಾಡಿಕೊಂಡೆ: 128 ಕೆಬಿಪಿಎಸ್ ಎಂಪಿ3, 320 ಕೆಬಿಪಿಎಸ್ ಎಂಪಿ3 ಮತ್ತು ಸಿ.ಡಿ.ಯಲ್ಲಿದ್ದುದನ್ನು ಒಂದಿಷ್ಟೂ ಕಳೆಯದ ಫ್ಲಾಕ್. ಎಂಪಿ3 ಫೈಲನ್ನು ಕಿರಿದಾಗಿಸಲು ಧ್ವನಿಯ ಒಂದಷ್ಟು ವಿವರವನ್ನು ಎಸೆಯುತ್ತದೆ; ಕೆಬಿಪಿಎಸ್ ಎಂದರೆ ಸೆಕೆಂಡಿಗೆ ಎಷ್ಟು ಸಾವಿರ ಬಿಟ್ ಮಾಹಿತಿ ಉಳಿದಿದೆ ಎಂಬ ಲೆಕ್ಕ. ಯಾವುದು ಯಾವುದೆಂದು ಹೇಳದೆ ಬದಲಾಯಿಸುತ್ತಾ ಹೋಗು ಎಂದು ತಮ್ಮನಿಗೆ ಹೇಳಿ, ತಂತಿಯ ಹೆಡ್‌ಫೋನ್ ಹಾಕಿ ಕುಳಿತೆ. ಬ್ಲೂಟೂತ್ ಸಾಮಾನ್ಯವಾಗಿ ಧ್ವನಿಯನ್ನು ಮತ್ತೊಮ್ಮೆ ಕುಗ್ಗಿಸುವುದರಿಂದ ಈ ಪರೀಕ್ಷೆಗೆ ಅದು ಆಗದು.

128 ಸೋತದ್ದು ‘ವಿ ವಿಲ್ ರಾಕ್ ಯೂ’ ಹಾಡಿನಲ್ಲೇ. 1977ರಲ್ಲಿ ಲಂಡನ್ನಿನ ವೆಸೆಕ್ಸ್ ಸ್ಟುಡಿಯೋದಲ್ಲಿ ಹಲಗೆಗಳ ಮೇಲೆ ಕಾಲು ಕುಟ್ಟಿ, ಚಪ್ಪಾಳೆ ತಟ್ಟಿ, ಪದರ ಪದರವಾಗಿ ಪೇರಿಸಿದ ತಾಳ ಅದು. ಭೌತಶಾಸ್ತ್ರ ಓದಿದ ಗಿಟಾರ್ ವಾದಕ ಬ್ರಯಾನ್ ಮೇ, ಅವಿಭಾಜ್ಯ ಸಂಖ್ಯೆಗಳ ಲೆಕ್ಕ ಹಿಡಿದು ಆ ಸದ್ದಿನ ಪ್ರತಿಗಳನ್ನು ಬೇರೆ ಬೇರೆ ಅಂತರದಲ್ಲಿ ತಡವಾಗಿ ಸೇರಿಸಿದರು. ಅದರಿಂದಲೇ ಪ್ರತಿಧ್ವನಿಯ ಬದಲು ದೊಡ್ಡ ಜನಸ್ತೋಮ ತಾಳ ಹಾಕಿದಂತೆ ಕೇಳುತ್ತದೆ. ಎಷ್ಟು ಸೊಗಸಾದ ಯೋಚನೆ! 128ರಲ್ಲಿ ಪ್ರತಿ ಚಪ್ಪಾಳೆಗೂ ಮುಂಚೆ ಮಸುಕಾದ ಸದ್ದೊಂದು ಸೋರುತ್ತದೆ, ಅಂಚು ಮೊಂಡಾಗುತ್ತದೆ. ಫ್ಲಾಕ್‌ನಲ್ಲಿ ಚಪ್ಪಾಳೆ ನೇರ ಮೌನದಿಂದಲೇ ಎದ್ದು ಬರುತ್ತದೆ.

‘ಬೊಹೀಮಿಯನ್ ರಾಪ್ಸೋಡಿ’ಯ ಆಪೆರಾ ಭಾಗದಲ್ಲಿ ಗಾಯಕ ಫ್ರೆಡ್ಡಿ ಮರ್ಕ್ಯುರಿ, ಮೇ, ಡ್ರಮ್ ವಾದಕ ರೋಜರ್ ಟೇಲರ್ ಮೂವರ ಕಂಠಗಳೇ ಹಲವು ಪದರಗಳಾಗಿ ಮೇಳವಾಗುತ್ತವೆ. 128ರಲ್ಲಿ ಅವೆಲ್ಲ ಒಂದೇ ಮುದ್ದೆ, ಡ್ರಮ್ ಜೊತೆಗಿನ ಲೋಹದ ತಟ್ಟೆಗಳಾದ ಸಿಂಬಲ್‌ಗಳಂತೂ ಗರಗರ.

320ಕ್ಕೂ ಫ್ಲಾಕ್‌ಗೂ ನಡುವೆ ಮಾತ್ರ ನನ್ನ ಕಿವಿಗೆ ವ್ಯತ್ಯಾಸ ಸಿಗಲಿಲ್ಲ. ಇಡೀ ಸಂಕಲನಕ್ಕೆ 320 ಸುಮಾರು 140 ಎಂಬಿ ತೆಗೆದುಕೊಂಡರೆ, ಫ್ಲಾಕ್ ಅದರ ಎರಡು ಪಟ್ಟಿಗೂ ಹೆಚ್ಚು. ಆದರೂ ಮನೆಯ ಸಂಗ್ರಹಕ್ಕೆ ನನ್ನ ಆಯ್ಕೆ ಫ್ಲಾಕ್. ಅದರಿಂದ ಯಾವಾಗ ಬೇಕಾದರೂ ಎಂಪಿ3 ಮಾಡಿಕೊಳ್ಳಬಹುದು. ಎಂಪಿ3 ಎಸೆದದ್ದು ಮರಳಿ ಬಾರದು. ಪ್ರಯಾಣಕ್ಕೆ 320 ಧಾರಾಳವಾಗಿ ಸಾಕು.

ಇದಕ್ಕಿಂತ ದೊಡ್ಡ ಅಂತರ ಕಂಡದ್ದು ಹಳೆಯ ಸಿ.ಡಿ.ಗೂ ಧ್ವನಿ ತಂತ್ರಜ್ಞ ಬಾಬ್ ಲುಡ್ವಿಗ್ ಅದೇ ಮುದ್ರಣವನ್ನು ಹೊಸದಾಗಿ ಹದಗೊಳಿಸಿ ಮಾಡಿದ 2011ರ ರೀಮಾಸ್ಟರ್‌ಗೂ ನಡುವೆ. ಹೊಸದು ಮೊದಲ ಕ್ಷಣದಲ್ಲೇ ಸೆಳೆಯುತ್ತದೆ, ತಂಡದ ಜಾನ್ ಡೀಕನ್ ಅವರ ಬೇಸ್ ಗಿಟಾರ್ ತುಂಬಿಕೊಂಡು ಬರುತ್ತದೆ. ಆದರೆ ಎರಡರ ಧ್ವನಿಮಟ್ಟ ಸರಿದೂಗಿಸಿ ಕೇಳಿದಾಗ, ಡ್ರಮ್‌ಗಳ ನೆಗೆತ ಹಳೆಯದರಲ್ಲೇ ಜೀವಂತ. ನಾನು ಹಳೆಯದರ ಪಕ್ಷ.

ಇನ್ನೊಂದು ಮಾತು: ಸಂಕಲನದಲ್ಲಿರುವ ‘ಫ್ಯಾಟ್ ಬಾಟಮ್ಡ್ ಗರ್ಲ್ಸ್’ ಬಿಡಿಯಾಗಿ ಹೊರತಂದ ಸಿಂಗಲ್‌ಗಾಗಿ ಮೊಟಕುಗೊಳಿಸಿದ ರೂಪ. ಪೂರ್ಣ ಹಾಡು ಬೇಕಿದ್ದರೆ 1978ರ ‘ಜಾಝ್’ ಆಲ್ಬಮ್ಮನ್ನೇ ಹುಡುಕಬೇಕು.