ಮಕ್ಕಳ ಲಾಕ್ ನಂಬಿ ವರ್ಷದ ಚಂದಾ ಕಟ್ಟುವ ಮೊದಲು ಇದನ್ನು ಓದಿ

ಸೌದೆ ಒಟ್ಟುವುದು, ಇನ್ವರ್ಟರ್ ಬ್ಯಾಟರಿಗೆ ನೀರು ತುಂಬಿಸುವುದು, ಇವುಗಳ ಜೊತೆಗೆ ಟಿವಿಗೊಂದು ಒಟಿಟಿ ಚಂದಾ ಮಾಡಿಸುವುದೂ ಈಗ ಕೊಡಗಿನ ಮನೆಗಳ ಮಳೆಗಾಲದ ಸಿದ್ಧತೆಯಲ್ಲಿ ಸೇರಿಹೋಗಿದೆ. ಜೂನ್ ಕಳೆದರೆ ಶಾಲೆಗಳಿಗೆ ಮಳೆಯ ರಜೆ ಯಾವಾಗ ಘೋಷಣೆಯಾಗುತ್ತದೆಂದು ಹೇಳಲಾಗದು. ಮಕ್ಕಳು ಮನೆಯಲ್ಲೇ ಇರುತ್ತಾರೆ, ಹಿರಿಯರು ಅಂಗಳಕ್ಕೂ ಇಳಿಯಲಾರರು, ತೋಟದ ಕೆಲಸ ಬಿಟ್ಟು ದೊಡ್ಡವರು ಇಡೀ ದಿನ ಟಿವಿಯ ಪಕ್ಕದಲ್ಲಿ ಕಾವಲು ಕೂರುವುದು ಆಗದ ಮಾತು. ಅಂಥ ಮನೆಯವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ‘ಮಕ್ಕಳ ಪ್ರೊಫೈಲ್ ಇದೆ, ಪಿನ್ ಹಾಕಬಹುದು, ನಿಶ್ಚಿಂತೆಯಾಗಿರಿ’ ಎಂಬ ಜಾಹೀರಾತನ್ನು ನಂಬಿ ಒಂದೇ ಸಲ ವರ್ಷದ ಹಣ ಕಟ್ಟಬೇಡಿ. ಹಣ ಕಟ್ಟಿದ ದಿನ ಇದ್ದ ಲಾಕ್ ಮುಂದಿನ ತಿಂಗಳೂ ಹಾಗೆಯೇ ಇರುತ್ತದೆ ಎಂಬ ಭರವಸೆಯನ್ನು ಅವರು ಎಲ್ಲಿಯೂ ಕೊಟ್ಟಿರುವುದಿಲ್ಲ. ನಮ್ಮ ದೂರು ಇನ್ನೂ ಇತ್ಯರ್ಥವಾಗದ ಕಾರಣ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ನಾಪೋಕ್ಲು ಕಡೆ ತೋಟದ ನಡುವೆ ನಮ್ಮ ಮನೆ. ಅತ್ತೆ, ನಾವಿಬ್ಬರು, ಏಳನೇ ತರಗತಿಯ ಮಗಳು, ಮೂರನೇ ತರಗತಿಯ ಮಗ. ಚಂದಾ ಮಾಡಿಸಿದಾಗ ಒಂದೊಂದು ಪ್ರೊಫೈಲನ್ನೂ ಕುಳಿತು ಸರಿಯಾಗಿ ಹೊಂದಿಸಿದ್ದೆ. ಮಕ್ಕಳಿಗೆ 7 ವರ್ಷದ ಮಿತಿ, ನಮ್ಮದಕ್ಕೆ ನಾಲ್ಕಂಕಿಯ ಪಿನ್, ಅತ್ತೆಗೆ ಯಾವ ಅಡೆತಡೆಯೂ ಇಲ್ಲದ ಕನ್ನಡ ಪ್ರೊಫೈಲ್. ಮೊದಲ ಕೆಲವು ವಾರ ಎಲ್ಲವೂ ಚೆನ್ನಾಗಿಯೇ ನಡೆಯಿತು ಎಂಬುದನ್ನೂ ಹೇಳಬೇಕು, ಏಕೆಂದರೆ ಆ ನಂಬಿಕೆಯ ಮೇಲೆಯೇ ನಾವು ಮಾಸಿಕ ಪ್ಲಾನ್ ಬಿಟ್ಟು ವಾರ್ಷಿಕ ಪ್ಲಾನಿಗೆ ಹೋದದ್ದು.

ಮಳೆ ಜೋರಾಗುವ ಹೊತ್ತಿಗೆ ಆ್ಯಪ್ ತಾನಾಗಿಯೇ ಅಪ್‌ಡೇಟ್ ಆಯಿತು. ಯಾರೂ ಕೇಳಲಿಲ್ಲ, ಏನು ಬದಲಾಗಿದೆ ಎಂದು ಯಾರೂ ತಿಳಿಸಲಿಲ್ಲ. ತೆರೆದ ಕೂಡಲೇ ‘ಯಾರು ನೋಡುತ್ತಿದ್ದೀರಿ’ ಎಂದು ಕೇಳುತ್ತಿದ್ದ ಪುಟ ಮಾಯವಾಗಿ, ಹಿಂದಿನ ರಾತ್ರಿ ಕೊನೆಗೆ ಬಳಸಿದ ಪ್ರೊಫೈಲ್ ನೇರವಾಗಿ ತೆರೆದುಕೊಳ್ಳತೊಡಗಿತು. ಅದರ ಮೇಲ್ಭಾಗದಲ್ಲಿ ಕಿರು ವಿಡಿಯೊಗಳ ಹೊಸ ಸಾಲೊಂದು ಬಂದಿತ್ತು. ರಿಮೋಟಿನ ಗುರುತು ಯಾವುದೇ ಚಿತ್ರದ ಮೇಲೆ ಒಂದು ಕ್ಷಣ ನಿಂತರೆ ಸಾಕು, ಅದರ ತುಣುಕು ಶಬ್ದಸಹಿತ ಓಡಲು ಶುರು. ಒಂದು ಬೆಳಿಗ್ಗೆ ಮಗ ತನ್ನ ಕಾರ್ಟೂನ್ ಹುಡುಕುತ್ತ ಬಾಣದ ಗುಂಡಿ ಒತ್ತುತ್ತಿದ್ದ. ಅಡುಗೆಮನೆಯಲ್ಲಿದ್ದ ನನಗೆ ಹೆಂಗಸೊಬ್ಬಳ ಚೀರಾಟ ಕೇಳಿಸಿತು. ಓಡಿಬಂದು ನೋಡಿದರೆ ಪರದೆಯ ತುಂಬ ರಕ್ತದ ಕೈ, ಕತ್ತಿ; ಹುಡುಗ ರಿಮೋಟನ್ನು ಎರಡು ಕೈಯಲ್ಲೂ ಬಿಗಿಹಿಡಿದುಕೊಂಡು ಅಲುಗಾಡದೆ ನಿಂತಿದ್ದ. ಯಾವ ಗುಂಡಿ ಒತ್ತಿದರೆ ಅದು ನಿಲ್ಲುತ್ತದೆಂದು ಅವನಿಗೆ ತಿಳಿದಿರಲಿಲ್ಲ. ಆ ಸಿನಿಮಾ ತೆರೆಯಲು ಹೋದರೆ ಆ್ಯಪ್ ಪಿನ್ ಕೇಳುತ್ತದೆ, ನಿಜ. ಆದರೆ ಅದರಲ್ಲಿರುವ ಅತ್ಯಂತ ಭೀಕರ ಅರ್ಧ ನಿಮಿಷವನ್ನು ಆರಿಸಿ ಮಾಡಿದ ತುಣುಕಿಗೆ ಯಾವ ಪಿನ್ನೂ ಇಲ್ಲ. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಲ ಬಾಗಿಲನ್ನು ಹಾರುಹೊಡೆದಿಟ್ಟಂತೆ.

ಇನ್ನೊಂದು ದಾರಿ ಇದಕ್ಕಿಂತ ಅಪಾಯದ್ದು, ಬಹಳ ಮಂದಿಗೆ ಅದರ ಅರಿವೂ ಇರುವುದಿಲ್ಲ. ಆಂಡ್ರಾಯ್ಡ್ ವ್ಯವಸ್ಥೆಯ ಟಿವಿಗಳಲ್ಲಿ ಆ್ಯಪ್‌ಗಳು ತಮ್ಮ ಶಿಫಾರಸುಗಳನ್ನು ಟಿವಿಯ ಮುಖಪುಟಕ್ಕೂ ಕಳಿಸಬಲ್ಲವು. ಮುಖಪುಟ ಟಿವಿಗೆ ಸೇರಿದ್ದು. ಆ್ಯಪ್ ಒಳಗೆ ನೀವು ಕಟ್ಟಿದ ಮಕ್ಕಳ ಪ್ರೊಫೈಲಿನ ಬೇಲಿ ಅದಕ್ಕೆ ಗೊತ್ತೇ ಇಲ್ಲ. ನಾವು ರಾತ್ರಿ ಅರ್ಧ ನೋಡಿ ಬಿಟ್ಟ ಅಪರಾಧ ಧಾರಾವಾಹಿಯ ದೊಡ್ಡ ಚಿತ್ರ ಮರುದಿನ ಬೆಳಿಗ್ಗೆ ಟಿವಿ ಹಾಕಿದ ಕೂಡಲೇ ಮಕ್ಕಳ ಕಣ್ಣೆದುರಿಗೆ ಬರುತ್ತಿದ್ದುದು ಹೀಗೆ. ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ಎಷ್ಟು ಹುಡುಕಿದರೂ ಇದಕ್ಕೆ ಪರಿಹಾರ ಸಿಗುವುದಿಲ್ಲ, ಟಿವಿಯ ಸೆಟ್ಟಿಂಗ್ಸ್‌ಗೇ ಹೋಗಬೇಕು. ಗೂಗಲ್ ಟಿವಿಯಾದರೆ ಖಾತೆಯ ವಿಭಾಗದಲ್ಲಿ ಆ್ಯಪ್‌ಗಳನ್ನು ಮಾತ್ರ ತೋರಿಸುವ ‘ಆ್ಯಪ್ಸ್ ಓನ್ಲಿ ಮೋಡ್’ ಎಂಬ ಆಯ್ಕೆಯಿದೆ. ಹಳೆಯ ಆಂಡ್ರಾಯ್ಡ್ ಟಿವಿಯಾದರೆ ಮುಖಪುಟದ ಚಾನೆಲ್ ಪಟ್ಟಿಯಿಂದ ಆ ಆ್ಯಪಿನ ಸಾಲನ್ನು ತೆಗೆದುಹಾಕಬಹುದು. ಬೇರೇನನ್ನೂ ಮಾಡದಿದ್ದರೂ ಇದೊಂದನ್ನು ಇವತ್ತೇ ಮಾಡಿ.

ಮಕ್ಕಳಿಗೆ ಇಷ್ಟು ಸಡಿಲವಾಗಿದ್ದ ಅದೇ ಲಾಕ್ ನಮ್ಮ ಅತ್ತೆಯ ಪಾಲಿಗೆ ಮಾತ್ರ ಉಕ್ಕಿನ ಬಾಗಿಲಾಯಿತು. ಅವರು ನೋಡುವುದು ಡಾ. ರಾಜ್‌ಕುಮಾರ್, ಲೀಲಾವತಿ, ಬಾಲಕೃಷ್ಣ ಇವರೆಲ್ಲ ಇರುವ ಕಪ್ಪು-ಬಿಳುಪು ಚಿತ್ರಗಳನ್ನು. ಆ ಸಂಸ್ಥೆಯ ಪಟ್ಟಿಯಲ್ಲಿ ಅಂಥ ಹಳೆಯ ಕನ್ನಡ ಚಿತ್ರಗಳ ಎದುರಿಗೆ ವಯೋಮಿತಿಯನ್ನೇ ನಮೂದಿಸಿರಲಿಲ್ಲ. ಅಪ್‌ಡೇಟ್ ಆದ ಮೇಲೆ ವಯೋಮಿತಿ ನಮೂದಾಗದ ಎಲ್ಲವನ್ನೂ ತಡೆಹಿಡಿಯುವ ಹೊಸ ಸೌಲಭ್ಯವೊಂದು ಎಲ್ಲ ಪ್ರೊಫೈಲುಗಳಲ್ಲೂ ತಾನಾಗಿ ಆನ್ ಆಗಿತ್ತು. ಪರಿಣಾಮವಾಗಿ ಎಪ್ಪತ್ತು ದಾಟಿದ ಹೆಂಗಸಿಗೆ ತಾನು ಹುಡುಗಿಯಾಗಿದ್ದಾಗ ಮಡಿಕೇರಿಯ ಟಾಕೀಸಿನಲ್ಲಿ ಮನೆಮಂದಿಯೊಂದಿಗೆ ನೋಡಿದ ಕುಟುಂಬ ಚಿತ್ರಕ್ಕೆ ಪಿನ್ ಒತ್ತಬೇಕಾಯಿತು. “ಇಷ್ಟು ವರ್ಷ ನೋಡಿದ ಪಿಚ್ಚರಿಗೆ ಈಗ ಯಾರ ಒಪ್ಪಿಗೆ ಬೇಕು ಮಗಾ?” ಎಂದು ಅವರು ನನ್ನನ್ನು ಕೇಳಿದರು. ಸೆನ್ಸಾರ್ ಮಂಡಳಿ ಆ ಚಿತ್ರಕ್ಕೆ ಕೊಟ್ಟ ‘ಯು’ ಪ್ರಮಾಣಪತ್ರ ಮೊದಲ ದೃಶ್ಯಕ್ಕೂ ಮುಂಚೆ ಪರದೆಯ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ನೋಡಿ ಪಟ್ಟಿಯಲ್ಲಿ ಒಂದಕ್ಷರ ಬರೆದುಕೊಳ್ಳುವ ಕೆಲಸವನ್ನು ಆ ಸಂಸ್ಥೆ ಮಾಡಿರಲಿಲ್ಲ. ಕನ್ನಡದ ಹಳೆಯ ಚಿತ್ರಗಳ ಬಗ್ಗೆ ಅವರಿಗಿರುವ ಅಸಡ್ಡೆ ಇದು ಎಂದೇ ನಾನು ತಿಳಿಯುತ್ತೇನೆ, ಏಕೆಂದರೆ ಹೊಸ ಹಿಂದಿ ಚಿತ್ರಗಳ ಎದುರಿಗೆ ವಯೋಮಿತಿ ತಪ್ಪದೆ ಇತ್ತು.

ಪಿನ್ ಒತ್ತಿದರೆ ಮುಗಿಯಿತಲ್ಲ ಎಂದು ಯಾರಾದರೂ ಕೇಳಬಹುದು. ಪ್ರೊಫೈಲಿಗಿದ್ದ ಪಿನ್ ಈಗ ಇಡೀ ಖಾತೆಯ ಪಿನ್ ಆಗಿ ಬದಲಾಗಿತ್ತು, ಹಳೆಯ ಅಂಕಿಗಳನ್ನು ಅದು ಒಪ್ಪುತ್ತಿರಲಿಲ್ಲ. ಹೊಸದನ್ನು ಇಡಬೇಕಾದರೆ ನೋಂದಾಯಿತ ಮೊಬೈಲಿಗೆ ಒಟಿಪಿ ಬರಬೇಕು. ನಮ್ಮಲ್ಲಿ ಮನೆಯೊಳಗೆ ಇಂಟರ್ನೆಟ್ ಬರುವುದು ಫೈಬರ್ ತಂತಿಯಿಂದ. ಮೊಬೈಲ್ ಸಿಗ್ನಲ್ ಬೇಕಾದರೆ ಕೊಡೆ ಹಿಡಿದು ತೋಟದ ಗೇಟಿನಾಚೆಯ ಏರಿಗೆ ಹೋಗಬೇಕು. ಮಳೆಯಲ್ಲಿ ಜಿಗಣೆ ಕೊಡವಿಕೊಳ್ಳುತ್ತ ಅಲ್ಲಿಗೆ ಹೋಗಿ, ಸಂದೇಶ ಬರುವವರೆಗೆ ಕಾದು, ಅಂಕಿ ಬರೆದುಕೊಂಡು ಮನೆಗೆ ಬರುವಷ್ಟರಲ್ಲಿ ಟಿವಿಯ ಮೇಲೆ ‘ಸಮಯ ಮುಗಿದಿದೆ’ ಎಂಬ ಸಾಲು. ಕರೆಂಟ್ ಹೋಗಿ ಟವರ್ ನಿಂತ ದಿನವಂತೂ ಏರಿಗೆ ಹೋದರೂ ಪ್ರಯೋಜನವಿಲ್ಲ. ಕೊನೆಗೆ ಪತಿ ಏರಿನ ಮೇಲೆ ನಿಂತು, ನಡುವೆ ಕಣದ ಹತ್ತಿರ ನಿಂತ ಮಗಳಿಗೆ ಅಂಕಿಗಳನ್ನು ಕೂಗಿ ಹೇಳಿ, ಅವಳು ಒಳಗಿದ್ದ ನನಗೆ ಕೂಗಿ, ಹೀಗೆ ಹೊಸ ಪಿನ್ ಇಟ್ಟೆವು. ಮುಂದಿನ ಅಪ್‌ಡೇಟ್ ಬಂದಾಗ ಅದೂ ಅಳಿಸಿಹೋಯಿತು. ಬೆಟ್ಟದ ನಾಡಿನಲ್ಲಿರುವ ಗ್ರಾಹಕರಿಂದ ಪೂರ್ತಿ ಹಣ ಪಡೆಯುವವರು ಇಮೇಲ್ ಮೂಲಕವೂ ಒಟಿಪಿ ಕಳಿಸುವಷ್ಟಾದರೂ ಯೋಚಿಸಬೇಕಿತ್ತು.

ಕಸ್ಟಮರ್ ಕೇರ್‌ನಲ್ಲಿ ಮೊದಲು ಯಂತ್ರದ ಉತ್ತರ, ಆಮೇಲೆ ಹಿಂದಿ, ಬಹಳ ಒತ್ತಾಯಿಸಿದ ಮೇಲೆ ಕನ್ನಡ ಬಲ್ಲ ಒಬ್ಬರು. ಅವರು ಸೌಜನ್ಯದಿಂದಲೇ ಮಾತಾಡಿದರು. ಅತ್ತೆಯ ಚಿತ್ರಗಳಿಗೆ ಬಿದ್ದ ತಡೆಯ ಬಗ್ಗೆ “ಮೇಡಂ, ಇದು ಹೊಸ ಫೀಚರ್, ಆಫ್ ಮಾಡುವ ಅವಕಾಶ ಕೊಟ್ಟಿಲ್ಲ” ಎಂದಷ್ಟೇ ಅವರಿಗೆ ಹೇಳಲು ಸಾಧ್ಯವಿತ್ತು. ತುಣುಕುಗಳು ತಾನಾಗಿ ಓಡುವುದನ್ನು ನಿಲ್ಲಿಸುವ ಆಯ್ಕೆ ಇರುವುದು ಟಿವಿಯಲ್ಲಲ್ಲ, ಕಂಪ್ಯೂಟರಿನ ಬ್ರೌಸರಿನಲ್ಲಿ ಖಾತೆ ತೆರೆದರೆ ಮಾತ್ರ, ಅದನ್ನೂ ಒಂದೊಂದು ಪ್ರೊಫೈಲಿಗೆ ಬೇರೆಬೇರೆಯಾಗಿ ಮಾಡಬೇಕು ಎಂಬ ಉಪಯುಕ್ತ ಮಾಹಿತಿ ಸಿಕ್ಕಿದ್ದು ಅವರಿಂದಲೇ. ನೀವು ಬಳಸುವ ಆ್ಯಪ್ ಯಾವುದೇ ಆಗಿರಲಿ, ಟಿವಿಯಲ್ಲಿ ಆಯ್ಕೆ ಕಾಣದಿದ್ದರೆ ಬ್ರೌಸರಿನಲ್ಲಿ ಹುಡುಕಿ ನೋಡಿ. ಡೇಟಾ ಉಳಿಸುವುದಕ್ಕೂ ಇದು ಬೇಕು. ಎಚ್‌ಡಿ ಗುಣಮಟ್ಟದ ವಿಡಿಯೊ ಗಂಟೆಗೆ ಸುಮಾರು 3 ಜಿಬಿ ತಿನ್ನುತ್ತದೆ, ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಟಿವಿ ನೋಡುವ ಮನೆಗಳಿಗೆ ಕೇಳದೆ ಓಡುವ ತುಣುಕುಗಳಿಂದ ಆಗುವ ನಷ್ಟ ಸಣ್ಣದಲ್ಲ.

ಇದೇ ಸಮಯದಲ್ಲಿ ಮಕ್ಕಳ ಪ್ರೊಫೈಲ್ ಮುಂದುವರಿಸಲು ಇಬ್ಬರ ಹುಟ್ಟಿದ ದಿನಾಂಕವನ್ನೂ ಅದು ಕೇಳಿತು. ನಾನು ಕೊಡಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಅವರ ಚಟುವಟಿಕೆಯನ್ನು ಹಿಂಬಾಲಿಸಿ ಜಾಹೀರಾತು ಗುರಿಯಿಡುವುದು ಆ ಕಾಯ್ದೆಗೆ ಒಪ್ಪಿಗೆಯಿಲ್ಲದ ಕೆಲಸ. ಕಾರ್ಟೂನ್ ತೋರಿಸಲು ವರ್ಷ ತಿಂಗಳು ದಿನ ಏಕೆ ಬೇಕೆಂಬ ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ.

ಲಾಕ್ ವಿಷಯದಲ್ಲಿ ನಿಯಮವೇ ಇಲ್ಲವೆಂದಲ್ಲ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾಹಿತಿ ತಂತ್ರಜ್ಞಾನ ನಿಯಮಗಳ ನೀತಿ ಸಂಹಿತೆಯಲ್ಲಿ ಒಟಿಟಿಯ ಕಾರ್ಯಕ್ರಮಗಳನ್ನು ಯು, ಯು/ಎ 7+, ಯು/ಎ 13+, ಯು/ಎ 16+, ಎ ಎಂದು ವಿಂಗಡಿಸಬೇಕು, 13+ ಮತ್ತು ಅದಕ್ಕೆ ಮೇಲ್ಪಟ್ಟವುಗಳಿಗೆ ಪೋಷಕರ ಲಾಕ್ ಇರಬೇಕು, ‘ಎ’ಗೆ ನಂಬಲರ್ಹವಾದ ವಯಸ್ಸಿನ ಪರಿಶೀಲನೆ ಇರಬೇಕು ಎಂದಿದೆ. ಲಾಕ್ ಕೊಡುವ ಮಾತಷ್ಟನ್ನು ಪಾಲಿಸಿ ಅದರ ಸುತ್ತ ಹತ್ತು ಕಿಂಡಿ ತೆರೆಯುವುದು ಮಾತಿಗೆ ತಪ್ಪಿದ್ದಕ್ಕೆ ಸಮ ಎಂಬುದು ನನ್ನ ನಿಲುವು. ಹಾಗೆಯೇ ಗ್ರಾಹಕರನ್ನು ದಾರಿ ತಪ್ಪಿಸುವ ವಿನ್ಯಾಸಗಳನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಮಾರ್ಗಸೂಚಿ ಹೊರಡಿಸಿ ಅಂಥ 13 ಬಗೆಗಳನ್ನು ಪಟ್ಟಿ ಮಾಡಿದೆ. ಚಂದಾ ರದ್ದುಮಾಡುವ ದಾರಿಯನ್ನು ಬೇಕೆಂದೇ ಜಟಿಲಗೊಳಿಸುವುದೂ ಆ ಪಟ್ಟಿಯಲ್ಲಿದೆ.

ಅದರ ಅನುಭವವೂ ನಮಗಾಯಿತು. ವಾರ್ಷಿಕ ಪ್ಲಾನಿನ ಉಳಿದ ತಿಂಗಳುಗಳ ಹಣ ವಾಪಸ್ ಇಲ್ಲ ಎಂದರು. ಮುಂದಿನ ವರ್ಷದ ಕಂತು ತಾನಾಗಿ ಕಡಿತವಾಗುವುದನ್ನು ನಿಲ್ಲಿಸುವ ಗುಂಡಿ ಆ್ಯಪಿನಲ್ಲಿ ಕಾಣಲಿಲ್ಲ, ಕಂಡ ಕಡೆಯಲ್ಲೆಲ್ಲ ‘ಉಳಿದುಕೊಳ್ಳಿ’ ಎಂಬುದೇ ದೊಡ್ಡದಾಗಿತ್ತು. ಇದಕ್ಕೆ ಅವರ ಕೃಪೆಗೆ ಕಾಯಬೇಕಾಗಿಲ್ಲ. ಯುಪಿಐ ಮೂಲಕ ಕಟ್ಟಿದ್ದರೆ ನಿಮ್ಮ ಯುಪಿಐ ಆ್ಯಪಿನ ಆಟೋಪೇ ವಿಭಾಗದಲ್ಲಿ, ಕಾರ್ಡ್ ಮೂಲಕವಾದರೆ ಬ್ಯಾಂಕಿನಲ್ಲಿ ಆ ಒಪ್ಪಿಗೆಯನ್ನು ನೀವೇ ರದ್ದು ಮಾಡಬಹುದು. ಹಣ ಕಡಿತವಾಗುವ 24 ಗಂಟೆ ಮೊದಲೇ ಸೂಚನೆ ಬರಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆದರೆ ನಮ್ಮಂತೆ ಸಿಗ್ನಲ್ ಇಲ್ಲದ ಕಡೆ ಆ ಸಂದೇಶ ತಡವಾಗಿ ಕೈಸೇರಬಹುದು, ಆದ್ದರಿಂದ ಸೂಚನೆಗೆ ಕಾಯದೆ ಮೊದಲೇ ರದ್ದುಗೊಳಿಸಿ.

ಈಗ ನಮ್ಮ ಮನೆಯಲ್ಲಿ ಆ ಆ್ಯಪ್ ಇಲ್ಲ. ಟಿವಿಯ ಪ್ಲೇ ಸ್ಟೋರಿನಲ್ಲಿ ತಾನಾಗಿ ಅಪ್‌ಡೇಟ್ ಆಗುವುದನ್ನು ನಿಲ್ಲಿಸಿದ್ದೇವೆ. ಅತ್ತೆಗೆ ಹಳೆಯ ಡಿವಿಡಿ ಪ್ಲೇಯರನ್ನು ಅಟ್ಟದಿಂದ ಇಳಿಸಿ ಕೊಟ್ಟೆವು. ಗೋಣಿಕೊಪ್ಪದಲ್ಲಿರುವ ನನ್ನ ತಮ್ಮ ಹಳೆಯ ಲ್ಯಾಪ್‌ಟಾಪಿನಲ್ಲಿ, ನಮ್ಮದೇ ವಿಡಿಯೊಗಳನ್ನು ಟಿವಿಯಲ್ಲಿ ತೋರಿಸುವ ಜೆಲ್ಲಿಫಿನ್ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಟ್ಟಿದ್ದಾನೆ. ಮದುವೆ, ಪುತ್ತರಿ, ಶಾಲೆಯ ವಾರ್ಷಿಕೋತ್ಸವ ಇವುಗಳ ವಿಡಿಯೊಗಳನ್ನೆಲ್ಲ ಅದರಲ್ಲಿ ಸೇರಿಸಿದ್ದೇವೆ. ಮನೆಯ ವೈಫೈ ಇದ್ದರಾಯಿತು, ಹೊರಗಿನ ಇಂಟರ್ನೆಟ್ ಕಡಿದುಹೋದರೂ ನಡೆಯುತ್ತದೆ. ವಯೋಮಿತಿ ಇಲ್ಲದ ವಿಡಿಯೊಗಳನ್ನು ತಡೆಯುವ ಆಯ್ಕೆ ಅದರಲ್ಲೂ ಇದೆ, ಆದರೆ ಯಾರಿಗೆ ತಡೆಯಬೇಕು, ಯಾರಿಗೆ ಬೇಡ ಎಂದು ನಿರ್ಧರಿಸುವವರು ಮನೆಯವರು. ಮಕ್ಕಳಿಗೆ ಆನ್, ಅತ್ತೆಗೆ ಆಫ್; ಅಪ್‌ಡೇಟ್ ಬಂದ ಮೇಲೂ ಅದು ಹಾಗೆಯೇ ಇದೆ. ಅಷ್ಟೇ ನಾವು ಆ ಸಂಸ್ಥೆಯನ್ನೂ ಕೇಳಿದ್ದು.

ನಿಮಗೂ ಇಂಥದ್ದೇ ಆಗಿದ್ದರೆ ಫೋನಿನಲ್ಲಿ ಮಾತಾಡಿ ಬಿಡಬೇಡಿ, ಬರವಣಿಗೆಯಲ್ಲಿ ದೂರು ಕೊಡಿ. ಸಂಸ್ಥೆಯ ಜಾಲತಾಣದ ಕೊನೆಯಲ್ಲಿ ಸಾಮಾನ್ಯವಾಗಿ ಕುಂದುಕೊರತೆ ಅಧಿಕಾರಿಯ ಇಮೇಲ್ ವಿಳಾಸ ಇರುತ್ತದೆ. ಟಿವಿಯ ಮಾದರಿ, ಆ್ಯಪಿನ ಆವೃತ್ತಿ, ಮಕ್ಕಳ ಮಿತಿ ಆನ್ ಇದ್ದುದನ್ನೂ ಆಗಲೇ ತುಣುಕು ಓಡಿದ್ದನ್ನೂ ತೋರಿಸುವ ಮೊಬೈಲ್ ವಿಡಿಯೊ, ಹಣ ಕಟ್ಟಿದ ರಸೀದಿ ಇವುಗಳನ್ನು ಜೊತೆಗಿಡಿ. ಅಲ್ಲಿ ಸರಿಯಾದ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಹೇಳಬಹುದು. ಅದರ ಮೇಲೂ ಬೇಕಾದರೆ ಮಡಿಕೇರಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಕಂಪನಿ ಎಲ್ಲಿಯದೇ ಆಗಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ದಾಖಲಿಸಬಹುದು, ಕಟ್ಟಿದ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಅದಕ್ಕೆ ಶುಲ್ಕವೂ ಇಲ್ಲ. ನಮ್ಮ ಕಾಗದಪತ್ರಗಳನ್ನು ನಾವು ಅಲ್ಲಿಗೇ ಸಿದ್ಧಪಡಿಸುತ್ತಿದ್ದೇವೆ.