ವಿಂಡೋಸ್ 11 ಹಾಕಿಸೋಕೆ ಮುಂಚೆ ಇದನ್ನ ಓದಿ: "ಡಿ ಡ್ರೈವ್ ಸೇಫ್" ಅನ್ನೋ ಮಾತು ನಂಬ್ಬೇಡಿ

ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಮನೇಲಿ ಹಳೇ ಕಂಪ್ಯೂಟರ್ ಇಟ್ಕೊಂಡಿರೋರು ದಯವಿಟ್ಟು ಇದನ್ನ ಪೂರ್ತಿ ಓದಿ, ಆಮೇಲೆ ಬೇಕಾದ್ರೆ ಅಂಗಡಿಗೆ ತಗೊಂಡು ಹೋಗಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಗೆ ಮೈಕ್ರೋಸಾಫ್ಟ್ ಸಪೋರ್ಟ್ ನಿಲ್ಲಿಸ್ತಲ್ಲ, ಅದನ್ನೇ ಹಿಡ್ಕೊಂಡು "ಇನ್ಮೇಲೆ ನಿಮ್ ಸಿಸ್ಟಮ್ ಆನೇ ಆಗಲ್ಲ, ಬೇಗ 11 ಹಾಕಿಸ್ಬಿಡಿ" ಅಂತ ವಯಸ್ಸಾದೋರ್ನ ಹೆದರಿಸೋರಿದಾರೆ. ಆನ್ ಆಗುತ್ತೆ. ಮೊದ್ಲು ಹೆಂಗ್ ಆಗ್ತಿತ್ತೋ ಹಂಗೇ ಆಗುತ್ತೆ, ನಿಲ್ಲೋದು ಸೆಕ್ಯುರಿಟಿ ಅಪ್ಡೇಟ್. ಅದೇನು ಚಿಕ್ಕ ವಿಷಯ ಅಲ್ಲ, ಆದ್ರೆ ಇವತ್ತೇ ಓಡೋ ಅಷ್ಟು ಅರ್ಜೆಂಟೂ ಅಲ್ಲ.

ನಮ್ಮ ಅಪ್ಪಾಜಿ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ಕುಣಿಗಲ್ ಹತ್ರದ ನಮ್ಮ ಹಳ್ಳೀಲಿ, ಸುತ್ತಮುತ್ತಲ ಊರಲ್ಲಿ ವಯಸ್ಸಾದ ಹೆಣ್ಮಕ್ಕಳ ಹತ್ರ ಕೂತು ಸೋಬಾನೆ ಪದ ಹಾಡಿಸಿ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಂಡು ಬಂದು, ಮನೇಲಿ ಕೇಳ್ಕೊಂಡು ಕೇಳ್ಕೊಂಡು ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಟೈಪ್ ಮಾಡ್ತಾ ಇದ್ರು. ವರ್ಷಗಟ್ಟಲೆ ಕೆಲಸ ಅದು. ರೆಕಾರ್ಡಿಂಗ್, ಟೈಪ್ ಮಾಡಿದ್ದು ಎಲ್ಲ ಡಿ ಡ್ರೈವಲ್ಲಿತ್ತು. ನಾನು ದಿನಾ ಟ್ರೈನಲ್ಲಿ ಬೆಂಗಳೂರಿಗೆ ಹೋಗಿ ಬರೋನು, ಹಗಲು ಹೊತ್ತು ಮನೇಲಿರಲ್ಲ. ಅಪ್ಪಾಜಿ ಯಾರೋ ಹೇಳಿದ್ರು ಅಂತ ಆಟೋದಲ್ಲಿ ಸಿಪಿಯು ಇಟ್ಕೊಂಡು ಟೌನಲ್ಲಿರೋ ಒಂದು ಅಂಗಡಿಗೆ ಹೋಗಿ ಕೊಟ್ಟು ಬಂದಿದಾರೆ. "ಡಿ ಡ್ರೈವಲ್ಲಿ ನನ್ ಕೆಲಸ ಇದೆ ಕಣಪ್ಪಾ" ಅಂತ ಬಾಯ್ಬಿಟ್ಟು ಹೇಳಿದಾರೆ. "ಮೇಷ್ಟ್ರೇ, ಫಾರ್ಮ್ಯಾಟ್ ಮಾಡೋದು ಸಿ ಡ್ರೈವ್ ಒಂದೇ, ಡಿ ಮುಟ್ಟೋದೇ ಇಲ್ಲ, ಹೋಗ್ಬನ್ನಿ" ಅಂದಿದಾರೆ.

ವಾಪಸ್ ಬಂದಾಗ ಡಿ ಡ್ರೈವಲ್ಲಿ ಅಪ್ಪಾಜಿ ಫೋಲ್ಡರ್ ಒಂದೂ ಇಲ್ಲ. ಅಂಗಡಿಯವರೇ ಹೊಸ ಸಿನಿಮಾ ಪಿಕ್ಚರ್‌ಗಳನ್ನ ತುಂಬಿ ಕಳ್ಸಿದಾರೆ. ಫೋನ್ ಮಾಡಿ ಕೇಳಿದ್ರೆ "ನೀವು ಬ್ಯಾಕಪ್ ತಗೊಂಡಿರ್ಬೇಕಿತ್ತು ಸಾರ್".

ಇದು ಹೆಂಗಾಯ್ತು ಅಂತ ಎಲ್ಲರಿಗೂ ಗೊತ್ತಿರ್ಬೇಕು, ಯಾಕಂದ್ರೆ ಡಿ ಸೇಫ್ ಅನ್ನೋ ನಂಬಿಕೆ ವಿಂಡೋಸ್ ಎಕ್ಸ್‌ಪಿ ಕಾಲದಿಂದ ನಮ್ಮಲ್ಲಿ ಕೂತ್ಬಿಟ್ಟಿದೆ. ಹಳೇ ಸಿಸ್ಟಮ್‌ಗಳಲ್ಲಿ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ಎಂಬಿಆರ್ ಅನ್ನೋ ಹಳೇ ಕ್ರಮದಲ್ಲಿ ಭಾಗ ಆಗಿರುತ್ತೆ. ವಿಂಡೋಸ್ 11ಗೆ ಯುಇಎಫ್‌ಐ ಬೇಕು, ಅಂದ್ರೆ ಸಿಸ್ಟಮ್ ಆನ್ ಆಗೋವಾಗ ವಿಂಡೋಸ್‌ನ ಎಬ್ಬಿಸೋ ಹೊಸ ವ್ಯವಸ್ಥೆ. ಯುಇಎಫ್‌ಐಲಿ ಬೂಟ್ ಆಗೋಕೆ ಡಿಸ್ಕು ಜಿಪಿಟಿ ಅನ್ನೋ ಹೊಸ ಕ್ರಮದಲ್ಲಿ ಭಾಗ ಆಗಿರ್ಬೇಕು. ಅದನ್ನ ಬದಲಾಯಿಸೋಕೆ ಇರೋ ಸುಲಭದ ದಾರಿ ಅಂದ್ರೆ ವಿಂಡೋಸಿನದ್ದೇ ಡಿಸ್ಕ್‌ಪಾರ್ಟ್ ಅನ್ನೋ ಟೂಲಲ್ಲಿ ಕ್ಲೀನ್ ಅಂತ ಒಂದು ಕಮಾಂಡ್ ಕೊಡೋದು. ಆ ಕಮಾಂಡ್‌ಗೆ ಸಿ, ಡಿ ಅನ್ನೋ ಭೇದ ಇಲ್ಲ, ಇಡೀ ಡಿಸ್ಕಿನ ಪಾರ್ಟಿಷನ್ ಎಲ್ಲ ಒಂದೇ ಏಟಿಗೆ ಹೋಗುತ್ತೆ. ಡೇಟಾ ಉಳ್ಸಿ ಬದಲಾಯಿಸೋಕೆ ಎಂಬಿಆರ್2ಜಿಪಿಟಿ ಅಂತ ಮೈಕ್ರೋಸಾಫ್ಟಿನದ್ದೇ ಟೂಲು ವಿಂಡೋಸ್ 10 ಒಳಗೇ ಇದೆ, ಆದ್ರೆ ಅದಕ್ಕೆ ಸ್ವಲ್ಪ ತಾಳ್ಮೆ ಬೇಕು, ಬೆಳಗ್ಗೆಯಿಂದ ಸಂಜೆವರೆಗೂ ಸಿಸ್ಟಮ್ ಮೇಲೆ ಸಿಸ್ಟಮ್ ಮುಗಿಸೋ ಕಡೆ ಅದನ್ನ ಯಾರು ಮಾಡ್ತಾರೆ ಹೇಳಿ.

ಇನ್ನೂ ಬೇಜಾರಿನ ವಿಷಯ ಏನಂದ್ರೆ ಆ ಸಿಸ್ಟಮ್‌ಗೆ ವಿಂಡೋಸ್ 11 ಹಾಕೋ ಹಾಗೇ ಇರ್ಲಿಲ್ಲ. ಇಂಟೆಲ್ 4ನೇ ಜನರೇಷನ್ ಐ3 ಅದು. ವಿಂಡೋಸ್ 11 ಕೇಳೋದು ಇಂಟೆಲ್‌ನಲ್ಲಾದ್ರೆ 8ನೇ ಜನರೇಷನ್ ಇಲ್ಲಾ ಅದಕ್ಕಿಂತ ಹೊಸ ಪ್ರೊಸೆಸರ್, ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ಪು, 4 ಜಿಬಿ ರ್‍ಯಾಮ್, 64 ಜಿಬಿ ಜಾಗ. ಚೆಕ್ಕಿಂಗ್ ತಪ್ಪಿಸಿ ಬಲವಂತವಾಗಿ ಹಾಕಿದಾರೆ. ಹಂಗೆ ಹಾಕಿದ್ರೆ ಓಡುತ್ತೆ, ಆದ್ರೆ ಇಂಥ ಸಿಸ್ಟಮ್‌ಗೆ ಅಪ್ಡೇಟ್ ಗ್ಯಾರಂಟಿ ಇಲ್ಲ ಅಂತ ಮೈಕ್ರೋಸಾಫ್ಟೇ ಹೇಳಿದೆ. ಅಪ್ಡೇಟ್ ಬರಲ್ಲ ಅನ್ನೋ ಭಯಕ್ಕೆ ದುಡ್ಡು ಕೊಟ್ಟು, ಅಪ್ಡೇಟ್ ಬರುತ್ತೋ ಇಲ್ವೋ ಅನ್ನೋದನ್ನೇ ಮನೆಗೆ ತಂದಂಗಾಯ್ತು. ನಿಮ್ಮ ಸಿಸ್ಟಮ್ ತಡ್ಕೊಳುತ್ತಾ ಅಂತ ನೋಡೋಕೆ ಮೈಕ್ರೋಸಾಫ್ಟಿನ ಪಿಸಿ ಹೆಲ್ತ್ ಚೆಕ್ ಅನ್ನೋ ಫ್ರೀ ಸಾಫ್ಟ್‌ವೇರ್ ಇದೆ, ಅದು ಆಗುತ್ತೆ ಅಂದ್ರೆ, ನಿಮ್ ವಿಂಡೋಸ್ 10 ಅಸಲಿ ಆಗಿದ್ರೆ, 11ರ ಲೈಸೆನ್ಸ್‌ಗೆ ಒಂದು ರೂಪಾಯಿನೂ ಕೊಡ್ಬೇಕಾಗಿಲ್ಲ.

ಬಿಲ್ ಅಂತ ಒಂದು ಚೀಟಿ ಕೊಟ್ಟಿದ್ರು, ಅದ್ರಲ್ಲಿ ವಿಡಿಯೋ ನೋಡೋ ವಿಎಲ್‌ಸಿಗೆ ಇಷ್ಟು, ಜಿಪ್ ಫೈಲ್ ಬಿಚ್ಚೋ ಸೆವೆನ್ ಜಿಪ್‌ಗೆ ಇಷ್ಟು ಅಂತ ಬೇರೆ ಬೇರೆ ದುಡ್ಡು. ಇವೆರಡೂ ಪೂರ್ತಿ ಫ್ರೀ, ಯಾರ್ ಬೇಕಾದ್ರೂ ಅವರ ಸ್ವಂತ ಸೈಟಿಂದ ಇಳಿಸ್ಕೊಬಹುದು. ಕೆಲಸ ಮಾಡಿದ್ದಕ್ಕೆ ಕೂಲಿ ತಗೊಳ್ಲಿ, ಅದು ನ್ಯಾಯ, ಆದ್ರೆ ಸಾಫ್ಟ್‌ವೇರ್ ರೇಟು ಅಂತ ಬರ್ದು ವಯಸ್ಸಾದ ಮೇಷ್ಟ್ರ ಹತ್ರ ಇಸ್ಕೊಳೋದು ತಪ್ಪು.

ಇಷ್ಟಕ್ಕೆ ಮುಗೀಲಿಲ್ಲ. ವಿಂಡೋಸ್, ಆಫೀಸ್ ಎರಡನ್ನೂ ಲೈಸೆನ್ಸ್ ಕೊಳ್ಳದೇ ಅಸಲಿ ಥರ ತೋರ್ಸೋ ಕ್ರ್ಯಾಕ್ ಆಕ್ಟಿವೇಟರ್ ಹಾಕಿ ಓಡಿಸಿದ್ರು. ಇಂಥ ಆಕ್ಟಿವೇಟರ್ ಹಾಕೋವಾಗ ವಿಂಡೋಸ್ ಜೊತೆ ಬರೋ ಡಿಫೆಂಡರ್ ಆಂಟಿವೈರಸ್ ಅಡ್ಡ ಬರುತ್ತೆ ಅಂತ ಅದನ್ನ ಆಫ್ ಮಾಡ್ತಾರೆ, ಇಲ್ಲಾಂದ್ರೆ ಸ್ಕ್ಯಾನ್ ಮಾಡ್ಬೇಡ ಅನ್ನೋ ಎಕ್ಸ್‌ಕ್ಲೂಷನ್ ಲಿಸ್ಟಿಗೆ ಫೋಲ್ಡರ್ ಸೇರಿಸ್ತಾರೆ. ನಮ್ಮದ್ರಲ್ಲಿ ಇಡೀ ಸಿ ಡ್ರೈವನ್ನೇ ಸೇರಿಸಿದ್ರು, ಅಂದ್ರೆ ಒಳಗೆ ಏನ್ ಬಂದು ಕೂತ್ರೂ ಡಿಫೆಂಡರ್ ನೋಡಲ್ಲ. ನಮ್ ತಂಗಿ ಆ ಸಿಸ್ಟಮಲ್ಲೇ ಇಮೇಲು, ಇನ್‌ಸ್ಟಾಗ್ರಾಮ್ ಓಪನ್ ಮಾಡಿದಾಳೆ. ಸ್ವಲ್ಪ ದಿನಕ್ಕೆ ಅವಳ ಅಕೌಂಟಿಂದ ನೆಂಟರಿಗೆಲ್ಲ ಅರ್ಜೆಂಟ್ ದುಡ್ಡು ಬೇಕು, ಈ ನಂಬರ್‌ಗೆ ಹಾಕಿ ಅಂತ ಮೆಸೇಜು. ತಿಪಟೂರಿನ ದೊಡ್ಡಮ್ಮ ಹಾಕೋಕೆ ಮುಂಚೆ "ಏನಮ್ಮಾ ಹುಷಾರಾಗಿದೀಯಾ" ಅಂತ ಫೋನ್ ಮಾಡಿದ್ದಕ್ಕೆ ಗೊತ್ತಾಯ್ತು. ಓಟಿಪಿ ಯಾರಿಗೂ ಕೊಟ್ಟಿಲ್ವಲ್ಲ ಅಂತ ಅವಳು ಅಳ್ತಾ ಇದ್ಲು. ಕೊಡ್ಬೇಕಾಗೇ ಇಲ್ಲ. ಬ್ರೌಸರಲ್ಲಿ ಸೇವ್ ಆಗಿರೋ ಪಾಸ್‌ವರ್ಡು, ಲಾಗಿನ್ ಆಗಿದೀವಿ ಅಂತ ಬ್ರೌಸರ್ ನೆನಪಿಟ್ಕೊಳೋ ಕುಕೀಸ್ ಎರಡನ್ನೂ ಕದಿಯೋ ಮಾಲ್‌ವೇರ್ ಇರ್ತವೆ, ಕುಕೀಸ್ ಸಿಕ್ರೆ ಓಟಿಪಿ ಇಲ್ದೆನೇ ಅಕೌಂಟ್ ಒಳಗೆ ಹೋಗ್ಬಹುದು. ಎಕ್ಸ್‌ಕ್ಲೂಷನ್ ತೆಗೆದು ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಬಿಟ್ಟಾಗ ಅಂಥದ್ದೇ ಸಿಕ್ತು. ಬೇರೆ ಮೊಬೈಲಿಂದ ಪಾಸ್‌ವರ್ಡ್ ಎಲ್ಲ ಚೇಂಜ್ ಮಾಡಿ, ಎಲ್ಲಾ ಡಿವೈಸಿಂದ ಲಾಗೌಟ್ ಕೊಟ್ವಿ. ಈ ಲಾಗೌಟ್ ಮರೀಬೇಡಿ, ಪಾಸ್‌ವರ್ಡ್ ಬದ್ಲಾಯಿಸಿದ್ರೂ ಕದ್ದ ಲಾಗಿನ್ನು ಕೆಲವು ಕಡೆ ಹಂಗೇ ಇರುತ್ತೆ. ಯಾರಾದ್ರೂ ದುಡ್ಡು ಹಾಕ್ಬಿಟ್ಟಿದ್ರೆ ತಡ ಮಾಡ್ದೆ ಸೈಬರ್ ವಂಚನೆ ಸಹಾಯವಾಣಿ 1930ಗೆ ಫೋನ್ ಮಾಡಿ.

ನಿಮ್ಮದ್ರಲ್ಲೂ ಹಿಂಗೇನಾದ್ರೂ ಮಾಡಿದಾರಾ ನೋಡ್ಬೇಕಾ, ವಿಂಡೋಸ್ ಸೆಕ್ಯುರಿಟಿ ಓಪನ್ ಮಾಡಿ ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್ ಸೆಟ್ಟಿಂಗ್ಸಲ್ಲಿ ಕೆಳಗಡೆ ಎಕ್ಸ್‌ಕ್ಲೂಷನ್ಸ್ ಇರುತ್ತೆ, ನೀವು ಹಾಕ್ದೇ ಇರೋದು ಅಲ್ಲಿ ಇದ್ರೆ ಅನುಮಾನ ಪಡಿ. ಇನ್ನೊಂದು, ವಿಂಡೋಸ್ ಕೀ ಜೊತೆ ಆರ್ ಒತ್ತಿ ಎಸ್‌ಎಲ್‌ಎಂಜಿಆರ್ /ಎಕ್ಸ್‌ಪಿಆರ್ (slmgr /xpr) ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ ಎಂಟರ್ ಕೊಡಿ. ಮನೆ ಕಂಪ್ಯೂಟರಲ್ಲಿ ಅಸಲಿ ಇದ್ರೆ ಪರ್ಮನೆಂಟ್ಲಿ ಆಕ್ಟಿವೇಟೆಡ್ ಅಂತ ಬರುತ್ತೆ. ತಾರೀಕು ಹಾಕಿ ಎಕ್ಸ್‌ಪೈರ್ ಆಗುತ್ತೆ ಅಂತ ಬಂದ್ರೆ ಕೆಎಂಎಸ್ ಅಂತ ಕಂಪನಿ, ಕಚೇರಿಗಳಿಗೆ ಮಾಡಿರೋ 180 ದಿನದ ಆಕ್ಟಿವೇಷನ್ನ ನಿಮಗೆ ಹಾಕಿ ಕೊಟ್ಟಿದಾರೆ ಅಂತ ಅರ್ಥ.

ಈಗ ಅಪ್ಪಾಜಿ ಫೈಲ್ ವಿಷಯ. ಇದನ್ನ ಗಮನ ಇಟ್ಟು ಓದಿ, ಯಾರಿಗಾದ್ರೂ ಉಪಯೋಗ ಆಗ್ಬಹುದು. ಡಿಸ್ಕಿಂದ ಫೈಲ್ ಹೋಗಿದೆ ಅಂತ ಗೊತ್ತಾದ ತಕ್ಷಣ ಸಿಸ್ಟಮ್ ಆಫ್ ಮಾಡಿ, ಏನೂ ಇನ್‌ಸ್ಟಾಲ್ ಮಾಡ್ಬೇಡಿ. ಹಾರ್ಡ್ ಡಿಸ್ಕಲ್ಲಿ ಮೇಲೆ ಇನ್ನೊಂದು ಬರೆಯೋವರೆಗೂ ಹಳೇದು ಒಳಗೆ ಇರುತ್ತೆ. ಎಸ್‌ಎಸ್‌ಡಿ ಆದ್ರೆ ಕಷ್ಟ, ಟ್ರಿಮ್ ಅನ್ನೋದು ಅಳಿಸಿದ್ದನ್ನ ಬೇಗ ಪೂರ್ತಿ ಒರೆಸಿಬಿಡುತ್ತೆ. ನಾನು ಡಿಸ್ಕ್ ಬಿಚ್ಚಿ ಯುಎಸ್‌ಬಿ ಕೇಸಿಗೆ ಹಾಕಿ, ಇನ್ನೊಂದು ಲ್ಯಾಪ್‌ಟಾಪಲ್ಲಿ ಫೋಟೋರೆಕ್ ಅನ್ನೋ ಫ್ರೀ ಸಾಫ್ಟ್‌ವೇರ್ ಓಡಿಸಿದೆ. ಹೆಸರು ಫೋಟೋ ಅಂತ ಇದ್ರೂ ಡಾಕ್ಯುಮೆಂಟು ಆಡಿಯೋ ಎಲ್ಲ ಹುಡುಕುತ್ತೆ. ಸಿಕ್ಕಿದ್ದನ್ನ ಅದೇ ಡಿಸ್ಕಿಗೆ ಸೇವ್ ಮಾಡ್ಬಾರ್ದು, ಬೇರೆ ಡ್ರೈವ್‌ಗೆ ಮಾಡ್ಬೇಕು. ಫೈಲ್ ಹೆಸರು ಯಾವುದೂ ಉಳಿಯಲ್ಲ, ಬರೀ ನಂಬರ್ ಇರುತ್ತೆ.

ವರ್ಡ್ ಫೈಲ್ ಓಪನ್ ಮಾಡಿದ್ರೆ ಇಂಗ್ಲಿಷ್ ಅಕ್ಷರದ ಮೇಲೆ ಕೆಳಗೆ ಚುಕ್ಕೆ ಗೆರೆ ಎಳೆದಂಗೆ ಏನೇನೋ. ಅಂಗಡಿಯವರಿಗೆ ತೋರಿಸಿದ್ದಕ್ಕೆ "ಕರಪ್ಟ್ ಆಗಿದೆ, ಡಿಲೀಟ್ ಮಾಡಿ" ಅಂದ್ರು. ಕರಪ್ಟ್ ಆಗಿರ್ಲಿಲ್ಲ. ನುಡಿ, ಬರಹದ ಹಳೇ ಫಾಂಟಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಸಿಸ್ಟಮಲ್ಲಿ ಇಲ್ದಿದ್ರೆ ಹಂಗೇ ಕಾಣೋದು, ಯಾಕಂದ್ರೆ ಅದು ಯೂನಿಕೋಡ್ ಅಲ್ಲ, ಅಂದ್ರೆ ಎಲ್ಲಾ ಸಿಸ್ಟಮಲ್ಲೂ ಒಂದೇ ಥರ ಓದೋಕಾಗೋ ಅಕ್ಷರ ಕ್ರಮ ಅಲ್ಲ. ನುಡಿ ಇನ್‌ಸ್ಟಾಲ್ ಮಾಡಿದ ತಕ್ಷಣ ಪದ ಎಲ್ಲ ಕನ್ನಡದಲ್ಲಿ ಎದ್ದು ಬಂತು, ಅಪ್ಪಾಜಿ ಪಕ್ಕದಲ್ಲೇ ಕೂತು ಇದು ಹಸೆಗೆ ಕರೆಯೋ ಪದ, ಇದು ಹೆಣ್ಣು ಒಪ್ಪಿಸೋದು ಅಂತ ಹೇಳಿದಂಗೆ ನಾನು ಫೈಲಿಗೆ ಹೆಸರು ಹಾಕ್ತಾ ಹೋದೆ. ಈಗ ಎಲ್ಲವನ್ನೂ ಯೂನಿಕೋಡ್‌ಗೆ ಬದಲಾಯಿಸಿ ಪೆನ್‌ಡ್ರೈವಲ್ಲೊಂದು, ಆನ್‌ಲೈನಲ್ಲೊಂದು ಕಾಪಿ ಇಟ್ಟಿದೀನಿ.

ರೆಕಾರ್ಡಿಂಗ್ ಮಾತ್ರ ಬಹಳ ಹೋಯ್ತು. ಪಿಕ್ಚರ್ ತುಂಬಿದ್ರಲ್ಲ, ಅವು ಕೂತಿದ್ದು ಆಡಿಯೋ ಇದ್ದ ಜಾಗದ ಮೇಲೆ. ಹಾಡಿದ ಅಜ್ಜಿಯರಲ್ಲಿ ಕೆಲವರು ಈಗ ಇಲ್ಲ. ಸಾಲು ಪುಸ್ತಕದಲ್ಲಿ ಬರುತ್ತೆ, ಆ ದನಿ ಎಲ್ಲಿಂದ ತರೋದು. ಇದು ನೆನಪಾದಾಗೆಲ್ಲ ನಂಗೆ ಹೊಟ್ಟೆ ಉರಿಯುತ್ತೆ.

ಸಿಸ್ಟಮ್‌ಗೆ ಈಗ ವಿಂಡೋಸ್ ಬದ್ಲು ಲಿನಕ್ಸ್ ಮಿಂಟ್ 22 ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಿದೀನಿ, 2029ರವರೆಗೂ ಅಪ್ಡೇಟ್ ಬರುತ್ತೆ, ಪೂರ್ತಿ ಫ್ರೀ, 4 ಜಿಬಿ ರ್‍ಯಾಮಲ್ಲಿ ಆರಾಮಾಗಿ ಓಡ್ತಿದೆ. ಪೆನ್‌ಡ್ರೈವಿಂದ ಬೂಟ್ ಮಾಡಿ, ಡಿಸ್ಕ್ ಮುಟ್ಟದೆ ಮೊದ್ಲು ನೋಡ್ಬಹುದು, ಇಷ್ಟ ಆದ್ರೆ ಇನ್‌ಸ್ಟಾಲ್. ಅದರ ಕೀಬೋರ್ಡ್ ಲಿಸ್ಟಲ್ಲೇ ಕನ್ನಡ ಕಗಪ ಅನ್ನೋ ಲೇಔಟ್ ಇದೆ, ನುಡೀಲಿರೋ ಹಾಗೇ ಕೆ.ಪಿ. ರಾವ್ ಅವರ ವಿನ್ಯಾಸ, ನುಡೀಲಿ ಕೈ ಕೂತಿರೋ ಅಪ್ಪಾಜಿಗೆ ಹೊಸದಾಗಿ ಕಲಿಯೋದೇನೂ ಇರ್ಲಿಲ್ಲ. ಆಫೀಸ್ ಬದ್ಲು ಲಿಬ್ರೆ ಆಫೀಸ್ ಸಾಕಾಗಿದೆ. ಆದ್ರೆ ಟ್ಯಾಲಿ ಬಳಸೋರು, ಡಿಜಿಟಲ್ ಸಿಗ್ನೇಚರ್ ಡಾಂಗಲ್ ಹಾಕೋರು ವಿಂಡೋಸಲ್ಲೇ ಇರೋದು ಒಳ್ಳೇದು. ಅಂಥವರು ವಿಂಡೋಸ್ 10ರ 22ಎಚ್2 ಅನ್ನೋ ಕೊನೇ ವರ್ಷನ್‌ನಲ್ಲಿದ್ರೆ ಸೆಟ್ಟಿಂಗ್ಸ್ ಒಳಗೆ ವಿಂಡೋಸ್ ಅಪ್ಡೇಟ್‌ಗೆ ಹೋಗಿ ಇಎಸ್‌ಯು ಅನ್ನೋ ಹೆಚ್ಚುವರಿ ಸೆಕ್ಯುರಿಟಿ ಅಪ್ಡೇಟ್ ಯೋಜನೆಗೆ ಎನ್‌ರೋಲ್ ಆಗಿ, 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್ಡೇಟ್ ಸಿಗುತ್ತೆ. ಮೈಕ್ರೋಸಾಫ್ಟ್ ಅಕೌಂಟಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದ್ರೆ ದುಡ್ಡು ಕೇಳಲ್ಲ, ಇಲ್ಲಾಂದ್ರೆ 30 ಡಾಲರ್. ಇದನ್ನ ಅಂಗಡಿಯವರು ನಮ್ ಅಪ್ಪಾಜಿಗೆ ಹೇಳ್ಲೇ ಇಲ್ಲ.

ಮಿಂಟಲ್ಲಿ ನಮಗೆ ಉಳಿದಿರೋ ತೊಂದ್ರೆ ಪ್ರಿಂಟರ್‌ದು. ಹಳೇ ಕಪ್ಪು-ಬಿಳುಪು ಲೇಸರ್, ಲಿನಕ್ಸ್ ಡ್ರೈವರ್ ಹಾಕಿದ್ರೂ ಒಂದು ಪೇಜ್ ಬಂದು ನಿಂತ್ಬಿಡುತ್ತೆ. ತುಮಕೂರಲ್ಲಿ ಯಾರಾದ್ರೂ ಇಂಥದ್ದನ್ನ ಲಿನಕ್ಸಲ್ಲಿ ಸರಿಯಾಗಿ ಓಡಿಸ್ತಾ ಇದ್ರೆ ಹೆಂಗೆ ಮಾಡಿದ್ರಿ ಅಂತ ಹೇಳಿ, ಅಪ್ಪಾಜಿ ಪದಗಳನ್ನೆಲ್ಲ ಪೇಪರಲ್ಲೂ ಒಂದು ಪ್ರತಿ ತೆಗೆದಿಡ್ಬೇಕು ಅಂತ ಕಾಯ್ತಿದಾರೆ.