ಶುಕ್ರವಾರ ಕಾಸರಗೋಡು ಸುತ್ತುವವರು ಊಟದ ಲೆಕ್ಕ ಮೊದಲು ಹಾಕಿ

ನಾನು ಕಾಸರಗೋಡಿನ ಪೆರ್ಲದವನು. ಶಿವಮೊಗ್ಗದಿಂದ ಅಕ್ಕ, ಭಾವ, ಇಬ್ಬರು ಮಕ್ಕಳು, ಜೊತೆಗೆ ಭಾವನ ಅಮ್ಮ ಬಂದಿದ್ದರು. ನಮ್ಮೂರನ್ನು ನಾನೇ ತೋರಿಸುವುದಕ್ಕೆ ಪ್ಲಾನು ಗೀನು ಯಾಕೆ ಅಂತ ಸುಮ್ನೆ ಕಾರು ತೆಗೆದೆ. ಸಂಜೆಯೊಳಗೆ ಬುದ್ಧಿ ಬಂತು.

ಮಧೂರು ಗಣಪತಿ, ಅನಂತಪುರದ ಕೆರೆ ದೇವಸ್ಥಾನ, ಬೇಕಲ ಕೋಟೆ, ಹೊತ್ತಿದ್ದರೆ ರಾಣಿಪುರ ಗುಡ್ಡ. ಬಾಯಲ್ಲಿ ಹೇಳುವಾಗ ಎಷ್ಟು ಸಲೀಸು ಅಲ್ವಾ? ರಾಣಿಪುರಕ್ಕೆ ಬೇಕಲದ ಆಚೆಯ ಕಾಞಂಗಾಡಿನಿಂದಲೇ ಸುಮಾರು 45 ಕಿಲೋಮೀಟರ್ ಗುಡ್ಡದ ದಾರಿ. ಅದಕ್ಕೇ ಬೇರೆ ಒಂದು ದಿನ ಬೇಕು. ಇದು ಗೊತ್ತಿದ್ದೂ ಸೇರಿಸಿದ್ದೆ.

ಬೆಳಿಗ್ಗೆ ನೀರುದೋಸೆ ತಿಂದು ಹೊರಡುವಾಗ ಹತ್ತು ಕಾಲು. ಮೊದಲ ತಪ್ಪು ಬದಿಯಡ್ಕದಲ್ಲೇ ಆಯಿತು. ಅಲ್ಲಿಂದ ಕುಂಬಳೆ ರಸ್ತೆಯಲ್ಲಿ ಸೀದಾ ಹೋದರೆ ನಾಯ್ಕಾಪಿನ ಹತ್ತಿರ ಅನಂತಪುರ. ಅದನ್ನು ಮೊದಲು ಮುಗಿಸಿ, ಸೀತಾಂಗೋಳಿಗೆ ವಾಪಸು ಬಂದು ಮಧೂರು ದಾರಿ ಹಿಡಿದರೆ ಕಾಸರಗೋಡು ಪೇಟೆಗೇ ಇಳಿಯಬಹುದು. ನಾನು 'ಗಣಪತಿ ಮೊದಲು' ಅಂತ ಮಧೂರಿಗೆ ತಿರುಗಿಸಿದೆ. ಅಲ್ಲಿ 'ಅಪ್ಪ' ಅನ್ನುವ ಸಿಹಿ ಪ್ರಸಾದಕ್ಕೆ ಕಾದೆವು, ಮಕ್ಕಳು ಹೊಳೆ ನೋಡುತ್ತಾ ನಿಂತರು. ಅನಂತಪುರ ತಲುಪುವಾಗ ಮಧ್ಯಾಹ್ನದ ಪೂಜೆ ಮುಗಿದು ಬಾಗಿಲು ಹಾಕಿತ್ತು. ನಮ್ಮ ಕಡೆ ದೇವಸ್ಥಾನಗಳು ಮಧ್ಯಾಹ್ನ ಹಾಕಿದರೆ ಮತ್ತೆ ತೆರೆಯುವುದು ಸಂಜೆಗೇ. ಕೆರೆಯ ದಡದಲ್ಲಿ ನಿಂತು, ಅದೇ ಕೆರೆಯಲ್ಲಿದ್ದು 2022ರಲ್ಲಿ ತೀರಿಕೊಂಡ ಬಬಿಯಾ ಮೊಸಳೆಯ ಕಥೆ ಹೇಳಿ ಮಕ್ಕಳನ್ನು ಸಮಾಧಾನ ಮಾಡಿದೆ.

"ಇನ್ನು ಹದಿನೈದು ನಿಮಿಷ, ಕಾಸರಗೋಡಿನಲ್ಲಿ ಊಟ" ಅಂದೆ. ಆ ಮಾತು ಕೇಳಿ ಭಾವನ ಅಮ್ಮ, ನಾನು ಅತ್ತೆ ಅನ್ನುವುದು, ಊಟಕ್ಕೆ ಮುಂಚಿನ ಶುಗರ್ ಮಾತ್ರೆ ನುಂಗಿಬಿಟ್ಟರು.

ಪೇಟೆ ತಲುಪಿದಾಗ ಒಂದು ಕಾಲು. ಶುಕ್ರವಾರ. ಜುಮ್ಮಾ ನಮಾಜಿನ ಹೊತ್ತಿಗೆ ಇಲ್ಲಿ ಎಷ್ಟೋ ಹೋಟೆಲು, ಅಂಗಡಿಗಳು ಸ್ವಲ್ಪ ಹೊತ್ತು ಬಾಗಿಲು ಹಾಕುತ್ತವೆ. ಅದು ಲಾಗಾಯ್ತಿನಿಂದ ಇರುವ ಕ್ರಮ. ಮರೆತದ್ದು ನಾನು. ಹಾಗಾಗಿ ತೆರೆದಿದ್ದ ಸಸ್ಯಾಹಾರಿ ಹೋಟೆಲಿನ ಮೇಲೇ ಊರೆಲ್ಲ ಬಿದ್ದಿತ್ತು. ಮೆಟ್ಟಿಲವರೆಗೆ ಜನ. "ಬೇಕಲದಲ್ಲೇ ತಿನ್ನೋಣ ಭಾವ" ಅಂದವನೂ ನಾನೇ.

ಬೇಕಲಕ್ಕೆ ಹೋಗುವವರು ಇದನ್ನು ನೆನಪಿಡಿ. ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಉದುಮ ಮೂಲಕ ಹೋಗುವ ರಸ್ತೆಯೇ ಒಳ್ಳೆಯದು. ಹೊಳೆ ಕಾಣುತ್ತದೆ, ಪೇಟೆಗಳು ಸಿಗುತ್ತವೆ, ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಮಾತಾಡುತ್ತಾ ನಾನು ಮ್ಯಾಪ್ ಹೇಳಿದ ಹಾಗೆ ಚೆರ್ಕಳದ ಕಡೆ ಹೈವೇ ಹತ್ತಿದೆ. ಅಲ್ಲಿಂದ ಮುಂದೆ ಷಟ್ಪಥದ ಕೆಲಸ, ಧೂಳು, ಲಾರಿಗಳ ಸಾಲು. ಹೋಟೆಲ್ ಕಂಡರೂ ಅದು ಆಚೆ ಬದಿಯಲ್ಲಿ, ತಿರುಗಿಸಲು ಜಾಗವಿಲ್ಲ.

ಚಟ್ಟಂಚಾಲ್ ಹತ್ತಿರ ಅತ್ತೆಯ ಮಾತು ನಿಂತಿತು. ಎಸಿ ಹಾಕಿದ್ದರೂ ಕುತ್ತಿಗೆಯೆಲ್ಲ ಬೆವರು, ಕೈ ನಡುಕ. ಶುಗರ್ ನೋಡುವ ಮಿಷನ್ ಪೆರ್ಲದ ಮನೆಯ ಮೇಜಿನ ಮೇಲೆ! ಕಾರಿನಲ್ಲಿದ್ದದ್ದು ಬಾಳೆಕಾಯಿ ಚಿಪ್ಸ್ ಮತ್ತು ಮಧೂರಿನ ಅಪ್ಪ. ಅಕ್ಕ ಒಂದು ಅಪ್ಪ ಮುರಿದು ಬಾಯಿಗಿಟ್ಟಳು. ನಾನು ಗೂಡಂಗಡಿಗೆ ಓಡಿ ಲಿಂಬೆ ನೀರು ಕೇಳಿದೆ. ಅವಸರದಲ್ಲಿ ಮಲಯಾಳದ ಬೇರೆ ಮಾತೆಲ್ಲ ಮರೆತು ಹೋಗಿ "ಪಂಚಸಾರ, ಪಂಚಸಾರ" ಅಂತ ಸಕ್ಕರೆ ಡಬ್ಬಿಯತ್ತ ಕೈ ತೋರಿಸಿದೆ. ಅಂಗಡಿಯವರು ಕಾರಿನ ಕಡೆ ನೋಡಿ, ಏನೂ ಕೇಳದೆ ನಾಲ್ಕು ಚಮಚ ಸುರಿದರು. ದುಡ್ಡೂ ತಗೊಳ್ಳಲಿಲ್ಲ. ಹತ್ತು ಹದಿನೈದು ನಿಮಿಷದಲ್ಲಿ ಅತ್ತೆ "ಎಲ್ಲಿದ್ದೇವೆ?" ಅಂದರು.

ಡಾಕ್ಟರು ಆಮೇಲೆ ಬಿಡಿಸಿ ಹೇಳಿದರು. ಅತ್ತೆಯ ಮಾತ್ರೆ ಹೊಟ್ಟೆಗೆ ಅನ್ನ ಬಿದ್ದರೂ ಬೀಳದಿದ್ದರೂ ಶುಗರ್ ಇಳಿಸುವಂಥದ್ದು. ಊಟ ಎದುರಿಗೆ ಬಂದ ಮೇಲೆಯೇ ನುಂಗಬೇಕು. ಶುಗರ್ 70ಕ್ಕಿಂತ ಕೆಳಗೆ ಇಳಿದರೆ ಮೂರು ಚಮಚ, ಅಂದರೆ ಸುಮಾರು 15 ಗ್ರಾಂ ಸಕ್ಕರೆ ನೀರಲ್ಲಿ ಕದಡಿ ಕೊಡಬೇಕು. 15 ನಿಮಿಷ ಬಿಟ್ಟು ನೋಡಿ, ಏರದಿದ್ದರೆ ಇನ್ನೊಮ್ಮೆ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬಾರದು, ಸೀದಾ ಆಸ್ಪತ್ರೆ. ಚಿಪ್ಸ್ ಕೊಟ್ಟು ಕೂತರೆ ಆಗುವುದಿಲ್ಲ, ಎಣ್ಣೆಯ ಪದಾರ್ಥದಿಂದ ಶುಗರ್ ಬೇಗ ಏರುವುದಿಲ್ಲವಂತೆ.

ಕೊನೆಗೆ ಊಟ ಅಂತ ಸಿಕ್ಕಿದ್ದು ಮೂರು ಗಂಟೆಗೆ, ಕೋಟೆಯ ಹತ್ತಿರದ ಒಂದು ಹೋಟೆಲಿನಲ್ಲಿ. ಅನ್ನ ಮುಗಿದಿತ್ತು. "ಹತ್ತೇ ನಿಮಿಷ" ಅಂದವರು ಪರೋಟ, ಕುರ್ಮಾ ತಂದದ್ದು ಮುಕ್ಕಾಲು ಗಂಟೆ ಬಿಟ್ಟು. ಕುರ್ಮಾ ತಣ್ಣಗಿತ್ತು, ಬಿಲ್ಲು ಬಿಸಿ ಇತ್ತು. ಅತ್ತೆಯನ್ನು ನೆರಳಲ್ಲಿ ಸ್ವಲ್ಪ ಮಲಗಿಸಿ ಕೋಟೆಯೊಳಗೆ ಕಾಲಿಡುವಾಗ ಐದಕ್ಕೆ ಹತ್ತು ನಿಮಿಷ.

ನನಗೆ ನಿಜವಾಗಿ ಬೇಜಾರಾದದ್ದು ಅಲ್ಲಿ. ಭಾವನಿಗೆ ಇಡೀ ಪ್ರವಾಸದಲ್ಲಿ ಬೇಕಿದ್ದದ್ದು ಇದೊಂದೇ. 1650ರ ಸುಮಾರಿಗೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ. ಶಿವಮೊಗ್ಗದವರಿಗೆ ಅವನು ಮನೆಯ ಹಿರಿಯನ ಹಾಗೆ. ಸುಮಾರು 40 ಎಕರೆ ಜಾಗ, ಸಮುದ್ರಕ್ಕೆ ಚಾಚಿದ ಕೊತ್ತಲ, ನಡುವೆ ದೊಡ್ಡ ವೀಕ್ಷಣಾ ಬುರುಜು. ಬುರುಜು ಹತ್ತಿ ಇಳಿಯುವಷ್ಟರಲ್ಲಿ ಕಾವಲಿನವರ ಸೀಟಿ ಕೇಳಿಸಿತು. ಸೂರ್ಯ ಇನ್ನೂ ಮೇಲೆಯೇ ಇದ್ದ.

"ಶಿವಮೊಗ್ಗದಿಂದ ಬಂದದ್ದು ಅರ್ಧ ಗಂಟೆಗಾ?" ಅಂದರು ಭಾವ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮುಂದಿನ ರಜೆಗೆ ಮತ್ತೆ ಬರುತ್ತಾರಂತೆ. ಬೇಕಲ ಒಂದೇ. ಏಳಕ್ಕೆ ಹೊರಡುವುದು, ಚಂದ್ರಗಿರಿ ಸೇತುವೆಯ ದಾರಿ, ಡಬ್ಬಿಯಲ್ಲಿ ಮೊಸರನ್ನ. ಗ್ಲೂಕೋಸ್ ಪೊಟ್ಟಣವನ್ನು ಅಕ್ಕ ಈಗಲೇ ತಂದು ಕಾರಿನಲ್ಲಿ ಇಟ್ಟಿದ್ದಾಳೆ.